ಗಾಯಕ್ಕೆ ಹಚ್ಚಿದ ಅಂಟು ಮತ್ತು ನಾವು ಕಲಿಯದ ಪಾಠ

2025ರ ಜನವರಿ 14, ಸಂಕ್ರಾಂತಿಯ ದಿನ. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಆಡೂರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಏಳು ವರ್ಷದ ಬಾಲಕನೊಬ್ಬನನ್ನು ಹೆತ್ತವರು ಕರೆತಂದರು. ಅವನ ಕೆನ್ನೆಯ ಮೇಲೆ ಆಳವಾದ ಗಾಯವಾಗಿ ರಕ್ತ ಹರಿಯುತ್ತಿತ್ತು. ಕರ್ತವ್ಯದಲ್ಲಿದ್ದ ಶುಶ್ರೂಷಕಿ ಹೊಲಿಗೆ ಹಾಕುವ ಬದಲು ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್ ಅಂಟನ್ನು ಗಾಯಕ್ಕೆ ಹಚ್ಚಿದರು. ಹೆತ್ತವರು ಪ್ರಶ್ನಿಸಿದಾಗ ಅವರು ಕೊಟ್ಟ ವಿವರಣೆ ವರದಿಯಾದಂತೆ ಹೀಗಿತ್ತು: ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ, ತಾನು ಹಲವು ವರ್ಷಗಳಿಂದ ಹೀಗೆಯೇ ಮಾಡುತ್ತ ಬಂದಿದ್ದೇನೆ. ಹೆತ್ತವರು ಆ ಮಾತನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಆ ತುಣುಕು ರಾಜ್ಯವನ್ನೆಲ್ಲ ಸುತ್ತಿತು, ದೇಶದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಮೊದಲು ಶುಶ್ರೂಷಕಿಯ ವರ್ಗಾವಣೆಯಾಯಿತು. ಅದು ಸಾಲದೆಂಬ ಕೂಗೆದ್ದ ಮೇಲೆ ಫೆಬ್ರುವರಿ ಮೊದಲ ವಾರದಲ್ಲಿ ಅಮಾನತು ಆದೇಶ ಹೊರಬಿತ್ತು. ಆರೋಗ್ಯ ಇಲಾಖೆಯ ಪ್ರಕಟಣೆ ಈ ಅಂಟಿಗೆ ವೈದ್ಯಕೀಯ ಬಳಕೆಯ ಅನುಮತಿ ಇಲ್ಲವೆಂದು ಸ್ಪಷ್ಟಪಡಿಸಿ, ಬಾಲಕ ಆರೋಗ್ಯವಾಗಿದ್ದಾನೆಂದು ತಿಳಿಸಿತು. ಅಲ್ಲಿಗೆ ಪ್ರಕರಣ ಸಾರ್ವಜನಿಕ ನೆನಪಿನಿಂದ ಮರೆಯಾಯಿತು.

ಕ್ರಮ ಕೈಗೊಂಡದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಕ್ರಮ ಕೈಗೊಂಡ ಮೇಲೂ ಉಳಿದ ಪ್ರಶ್ನೆಗಳಿವೆ. ‘ಹಲವು ವರ್ಷಗಳಿಂದ’ ಎಂಬ ಮಾತು ನಿಜವಾಗಿದ್ದರೆ, ಅಷ್ಟೂ ವರ್ಷ ಆ ಕೇಂದ್ರದ ವೈದ್ಯರು, ಸಹೋದ್ಯೋಗಿಗಳು, ತಪಾಸಣೆಗೆ ಬಂದ ಮೇಲಧಿಕಾರಿಗಳು ಅದನ್ನು ಗಮನಿಸಲಿಲ್ಲವೇ? ಗಮನಿಸಿದ್ದರೆ ಹೇಳಲಿಲ್ಲವೇಕೆ? ಹೇಳಬೇಕೆಂದಿದ್ದರೆ ಯಾರಿಗೆ ಹೇಳಬೇಕಿತ್ತು? ಅಂದು ಹೊಲಿಗೆಯ ದಾರ, ಅರಿವಳಿಕೆ, ಅದನ್ನು ಬಳಸಬಲ್ಲ ಕೈ, ಈ ಮೂರೂ ಅಲ್ಲಿದ್ದವೇ? ಅಂಟು ಹಚ್ಚುವ ಕಲ್ಪನೆ ಆಕೆಗೆ ಎಲ್ಲಿಂದ ಬಂತು? ಅಮಾನತು ಆದೇಶ ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳುವುದಿಲ್ಲ. ಉತ್ತರ ಹೇಳುವುದು ಅದರ ಕೆಲಸವೂ ಅಲ್ಲ.

ಕೊನೆಯ ಪ್ರಶ್ನೆ ತೋರುವಷ್ಟು ಹಾಸ್ಯಾಸ್ಪದವಾದುದಲ್ಲ. ಗಾಯವನ್ನು ಅಂಟಿನಿಂದ ಮುಚ್ಚುವ ವಿಧಾನ ವೈದ್ಯಶಾಸ್ತ್ರದಲ್ಲಿ ಇದೆ. ಸೈಯನೋಆಕ್ರಿಲೇಟ್ ಎಂಬ ರಾಸಾಯನಿಕ ಕುಟುಂಬದ ಅಂಟುಗಳನ್ನು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಗಾಯಾಳುಗಳ ರಕ್ತಸ್ರಾವ ತಡೆಯಲು ಬಳಸಲಾಗಿತ್ತು. ಅದೇ ಕುಟುಂಬದ, ಉದ್ದನೆಯ ಸರಪಣಿಯ ಸಂಯುಕ್ತವೊಂದಕ್ಕೆ ಚರ್ಮದ ಗಾಯ ಮುಚ್ಚಲು 1998ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಅನುಮತಿ ನೀಡಿತು. ಮಕ್ಕಳ ಮುಖದ ಸಣ್ಣ ಗಾಯಗಳಿಗೆ, ಹೊಲಿಗೆಯ ನೋವು ತಪ್ಪಿಸಲು, ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಬಳಸುತ್ತಾರೆ. ಮನೆಬಳಕೆಯ ಅಂಟು ಸಾಮಾನ್ಯವಾಗಿ ಅದೇ ಕುಟುಂಬದ ಗಿಡ್ಡ ಸರಪಣಿಯ ಸಂಯುಕ್ತ. ಅದು ಗಟ್ಟಿಯಾಗುವಾಗ ಶಾಖ ಹೊಮ್ಮಿಸುತ್ತದೆ, ಬೇಗ ವಿಘಟನೆಗೊಂಡು ಅಂಗಾಂಶಕ್ಕೆ ಹಾನಿಕರವಾದ ಪದಾರ್ಥಗಳನ್ನು ಬಿಡುತ್ತದೆ, ಮೇಲಾಗಿ ಅದು ಕ್ರಿಮಿಶುದ್ಧವಲ್ಲ. ಆಳವಾದ, ಶುದ್ಧಗೊಳಿಸದ ಗಾಯವನ್ನು ಯಾವ ಅಂಟಿನಿಂದ ಮುಚ್ಚಿದರೂ ಸೋಂಕನ್ನು ಒಳಗಿಟ್ಟು ಬಾಗಿಲು ಹಾಕಿದಂತೆಯೇ. ಅಂದರೆ ಆಕೆಯದು ಅರ್ಧ ತಿಳಿವಳಿಕೆ, ಆದರೆ ದುರುದ್ದೇಶವಲ್ಲ. ಅರ್ಧ ತಿಳಿವಳಿಕೆಯನ್ನು ಪೂರ್ಣ ಮಾಡುವ ಅಥವಾ ತಡೆಯುವ ವ್ಯವಸ್ಥೆಯೊಂದು ಆಕೆಯ ಸುತ್ತ ಇದ್ದಂತಿಲ್ಲ.

ಇದನ್ನು ಬರೆಯುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲವೆಂದು ಬಲ್ಲೆ. ಸರ್ಕಾರಿ ಸೇವೆಯಲ್ಲಿ ಇಂಥ ಆದೇಶಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬಹಳ ವರ್ಷಗಳ ಹಿಂದೆ, ಉಪವಿಭಾಗವೊಂದರಲ್ಲಿದ್ದಾಗ, ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರಿಗೆ ತಪ್ಪು ಚುಚ್ಚುಮದ್ದು ಕೊಟ್ಟ ದೂರಿನ ವಿಚಾರಣೆ ನನ್ನ ಪಾಲಿಗೆ ಬಂತು. ರೋಗಿ ಬದುಕಿಕೊಂಡರು. ಎರಡು ಬೇರೆ ಔಷಧಿಗಳ ಶೀಶೆಗಳು ಒಂದೇ ಗಾತ್ರದವು, ಒಂದೇ ಬಣ್ಣದ ಮುಚ್ಚಳದವು, ಒಂದೇ ತಟ್ಟೆಯಲ್ಲಿ ಇಟ್ಟಂಥವು. ಘಟನೆ ನಡೆದದ್ದು ವಿದ್ಯುತ್ ಕೈಕೊಟ್ಟ ರಾತ್ರಿ. ಇವನ್ನೆಲ್ಲ ನಾನೇ ಕಣ್ಣಾರೆ ಕಂಡೆ. ಆದರೂ ವರದಿಯಲ್ಲಿ ಬರೆದದ್ದು ‘ಕರ್ತವ್ಯಲೋಪ ಸಾಬೀತಾಗಿದೆ’ ಎಂಬ ಒಂದೇ ನಿರ್ಣಯ. ತಟ್ಟೆಯ ಬಗ್ಗೆ ಒಂದು ವಾಕ್ಯವನ್ನೂ ಬರೆಯಲಿಲ್ಲ, ಏಕೆಂದರೆ ನನ್ನನ್ನು ಕೇಳಿದ್ದು ಯಾರು ತಪ್ಪಿತಸ್ಥರೆಂದು. ಕೆಲವು ತಿಂಗಳ ನಂತರ ಬೇರೆ ಕೆಲಸಕ್ಕಾಗಿ ಆ ಆಸ್ಪತ್ರೆಗೆ ಹೋದಾಗ ಶುಶ್ರೂಷಕಿ ಬದಲಾಗಿದ್ದರು. ತಟ್ಟೆ ಅಲ್ಲೇ ಇತ್ತು, ಎರಡೂ ಶೀಶೆಗಳು ಪಕ್ಕಪಕ್ಕದಲ್ಲೇ ಇದ್ದವು. ನಿವೃತ್ತಿಯ ನಂತರ ಈ ವಿಷಯದ ಬಗ್ಗೆ ಓದುತ್ತಾ ಹೋದಂತೆ ಆ ತಟ್ಟೆ ನನ್ನನ್ನು ಕಾಡುತ್ತಲೇ ಇದೆ.

ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರ ಸುಮಾರಿಗೆ ಅವಘಡಗಳ ಬಗ್ಗೆ ಮಂಡಿಸಿದ ವಿಚಾರವನ್ನು ನಮ್ಮ ಮನೆಯ ಭಾಷೆಯಲ್ಲಿ ಹೀಗೆ ಹೇಳಬಹುದು. ಯಾವುದೇ ವ್ಯವಸ್ಥೆ ಒಂದರ ಮೇಲೊಂದು ಇಟ್ಟ ಜರಡಿಗಳಿದ್ದಂತೆ. ಪ್ರತಿ ಜರಡಿಯಲ್ಲೂ ಕೆಲವು ಕಣ್ಣುಗಳು ಹರಿದಿರುತ್ತವೆ. ಸಾಮಾನ್ಯವಾಗಿ ಒಂದರಲ್ಲಿ ಜಾರಿದ ಕಲ್ಲು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ಜರಡಿಗಳ ಹರಕುಗಳೂ ಒಂದೇ ಸಾಲಿಗೆ ಬಂದ ದಿನ ಕಲ್ಲು ನೇರವಾಗಿ ಅನ್ನಕ್ಕೆ ಬೀಳುತ್ತದೆ. ಆಗ ನಾವು ಕೊನೆಯ ಜರಡಿಯನ್ನು ಹಿಡಿದಿದ್ದ ಕೈಯನ್ನು ಶಿಕ್ಷಿಸುತ್ತೇವೆ, ಹರಕುಗಳನ್ನು ಹಾಗೆಯೇ ಬಿಡುತ್ತೇವೆ. ಆಡೂರಿನಲ್ಲಿ ತರಬೇತಿ ಒಂದು ಜರಡಿ, ಮೇಲ್ವಿಚಾರಣೆ ಒಂದು ಜರಡಿ, ಸಾಮಗ್ರಿ ಪೂರೈಕೆ ಒಂದು, ಸಹೋದ್ಯೋಗಿಯ ಮಾತು ಇನ್ನೊಂದು. ಕಲ್ಲು ಕೊನೆಗೆ ಸಿಕ್ಕಿದ್ದು ಬಾಲಕನ ಹೆತ್ತವರ ಕೈಗೆ. ಇಲಾಖೆಯ ಯಾವ ವ್ಯವಸ್ಥೆಯೂ ಹಿಡಿಯದಿದ್ದುದನ್ನು ಹಿಡಿದವರು ಅವರು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ ಪ್ರಕಟಿಸಿದ ವರದಿಯೊಂದು, ಆ ದೇಶದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ದೋಷಗಳಿಂದಲೇ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಮಂದಿ ಸಾಯುತ್ತಿರಬಹುದೆಂದು ಅಂದಾಜು ಮಾಡಿ ಜಗತ್ತನ್ನು ಬೆಚ್ಚಿಬೀಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ರೋಗಿ ಸುರಕ್ಷತೆಗಾಗಿ ಜಾಗತಿಕ ಒಕ್ಕೂಟ ಕಟ್ಟಿತು. 2019ರಿಂದ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಹೆಚ್ಚು ಗಮನಾರ್ಹವೆನಿಸಿದ್ದು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ 2017ರಲ್ಲಿ ಕೊಟ್ಟ ಲೆಕ್ಕ. ಅದರ ಪ್ರಕಾರ ಆ ದೇಶಗಳ ಆಸ್ಪತ್ರೆ ವೆಚ್ಚದ ಸುಮಾರು ಶೇ 15ರಷ್ಟು, ಆಸ್ಪತ್ರೆಗಳೇ ಉಂಟುಮಾಡಿದ ಹಾನಿಯನ್ನು ಸರಿಪಡಿಸಲು ಹೋಗುತ್ತದೆ. ಅಷ್ಟು ಹಣವಿರುವವರ ಕತೆಯೇ ಹೀಗಾದರೆ, ಒಂದು ಹೆಚ್ಚುವರಿ ದಿನದ ಆಸ್ಪತ್ರೆವಾಸಕ್ಕೆ ಕೂಲಿ ಕಳೆದುಕೊಳ್ಳುವ ಹಿರೇಕೆರೂರಿನ ರೈತ ಕುಟುಂಬದ ಲೆಕ್ಕ ಏನಾದೀತು?

ನಮ್ಮ ರಾಜ್ಯದ ಅನುಭವ ಇನ್ನೂ ಹಸಿಯಾಗಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಐವರು ಬಾಣಂತಿಯರು ಸಾವಿಗೀಡಾದರು. ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು, ಅಧಿಕಾರಿಗಳ ಅಮಾನತಾಯಿತು. ಅದರ ಬೆನ್ನಿಗೆ ಸರ್ಕಾರ ನಡೆಸಿದ ತಾಯಂದಿರ ಮರಣದ ಲೆಕ್ಕಪರಿಶೋಧನೆ, 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸಂಭವಿಸಿದ 464 ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂದು ಹೇಳಿತು. ಸರ್ಕಾರವೇ ಇದನ್ನು ಒಪ್ಪಿಕೊಂಡು ಪ್ರಕಟಿಸಿದ್ದು ಶ್ಲಾಘನೀಯ. ‘ತಡೆಯಬಹುದಾಗಿದ್ದ’ ಎಂಬ ಪದದೊಳಗೆ ಕೆಟ್ಟ ಔಷಧ ಮಾತ್ರವಲ್ಲ, ತಡವಾದ ನಿರ್ಧಾರ, ಬಾರದ ರಕ್ತ, ಸರಿಯಾಗಿ ಬರೆಯದ ಶಿಫಾರಸು ಚೀಟಿ ಇವೆಲ್ಲವೂ ಅಡಗಿರುತ್ತವೆ.

ನೆರೆಯ ಕೇರಳ ಇಲ್ಲಿ ಒಂದು ದಾರಿ ತೋರಿಸಿದೆ. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದ ಪ್ರತಿ ತಾಯಿಯ ಮರಣವನ್ನೂ ಗೋಪ್ಯವಾಗಿ ಪರಿಶೀಲಿಸುತ್ತ ಬಂದಿದೆ. ಪರಿಶೀಲನೆಗೆ ಬರುವ ಕಾಗದದಲ್ಲಿ ತಾಯಿಯ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಯಾರು ಎಂಬುದನ್ನು ಕೇಳದೆ ಏಕೆ ಎಂಬುದನ್ನು ಮಾತ್ರ ಕೇಳುವ ಈ ಪದ್ಧತಿಯನ್ನು ಬ್ರಿಟನ್ 1952ರಿಂದ ಅನುಸರಿಸುತ್ತಿದೆ. 2018–20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕೇರಳದಲ್ಲಿ 19, ಕರ್ನಾಟಕದಲ್ಲಿ 69. ಈ ಅಂತರಕ್ಕೆ ಸಾಕ್ಷರತೆ, ಸಾರಿಗೆ, ದಶಕಗಳ ಸಾರ್ವಜನಿಕ ಹೂಡಿಕೆ ಮುಂತಾದ ಹಲವು ಕಾರಣಗಳಿವೆ. ಎಲ್ಲ ಶ್ರೇಯವನ್ನೂ ಒಂದು ಪರಿಶೀಲನಾ ಪದ್ಧತಿಗೆ ಕೊಡುವುದು ಅವಸರವಾದೀತು. ಆದರೆ ಸತ್ಯ ಹೇಳಿದವರಿಗೆ ಶಿಕ್ಷೆಯಾಗದ ಕಡೆ ಮಾತ್ರ ಸತ್ಯ ಹೊರಬರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಈ ಮನೋಧರ್ಮವನ್ನು ಐವತ್ತು ವಯಸ್ಸಿನ ಅಧಿಕಾರಿಗೆ ಸುತ್ತೋಲೆಯ ಮೂಲಕ ಕಲಿಸಲಾಗದು. ಅದು ಇಪ್ಪತ್ತರ ವಯಸ್ಸಿನಲ್ಲಿ, ತರಗತಿಯಲ್ಲಿ ಮತ್ತು ವಾರ್ಡಿನಲ್ಲಿ ಬೇರೂರಬೇಕು. ಹಾವೇರಿ ಜಿಲ್ಲೆಗೆ ಈಗ ಅದಕ್ಕೆ ಸಕಾಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆ ಕಾಲು ಶತಮಾನ ಕಾದ ಮೇಲೆ 2022–23ನೇ ಸಾಲಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಪಡೆಯಿತು. 150 ಸೀಟುಗಳ ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ಹೊರಬೀಳುವವರ ಜೊತೆಗೆ ನರ್ಸಿಂಗ್, ಫಾರ್ಮಸಿ, ಪ್ರಯೋಗಾಲಯ ತಂತ್ರಜ್ಞರ ಕೋರ್ಸುಗಳ ವಿದ್ಯಾರ್ಥಿಗಳೂ ನಾಳೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಆಸ್ಪತ್ರೆಗಳಲ್ಲಿ ನಿಲ್ಲುವವರು. ರಾಜ್ಯದ ಕಡ್ಡಾಯ ಸೇವಾ ಕಾಯ್ದೆಯ (2012) ದೆಸೆಯಿಂದ ಪದವಿ ಮುಗಿಸುತ್ತಲೇ ಒಬ್ಬಂಟಿಯಾಗಿ ಹಳ್ಳಿಯ ಆರೋಗ್ಯ ಕೇಂದ್ರದ ಹೊಣೆ ಹೊತ್ತ ಯುವ ವೈದ್ಯರು ಅನೇಕರು. ಅಂಥವರ ಅಪಾಯಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಅಪಾಯಗಳಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವೈದ್ಯಕೀಯ ಕಾಲೇಜುಗಳಿಗಾಗಿ 2009ರಲ್ಲಿ ರೋಗಿ ಸುರಕ್ಷತೆಯ ಪಠ್ಯ ಮಾರ್ಗದರ್ಶಿಯನ್ನು ಹೊರತಂದು, 2011ರಲ್ಲಿ ಅದನ್ನು ದಂತವೈದ್ಯರು, ಶುಶ್ರೂಷಕರು, ಸೂಲಗಿತ್ತಿಯರು, ಔಷಧತಜ್ಞರಿಗೂ ವಿಸ್ತರಿಸಿತು. 11 ಪಾಠಗಳ ಆ ಕೈಪಿಡಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದದ್ದು. ಭಾರತ ಸರ್ಕಾರವೂ 2018ರಲ್ಲಿ ರೋಗಿ ಸುರಕ್ಷತೆಯ ರಾಷ್ಟ್ರೀಯ ಅನುಷ್ಠಾನ ಚೌಕಟ್ಟನ್ನು ಪ್ರಕಟಿಸಿತು. 2019ರ ತಂಡದಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ವೈದ್ಯಕೀಯ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ಸಂವಹನಕ್ಕೆ ಪ್ರತ್ಯೇಕ ಸ್ಥಾನವಿದೆ. ಆದ್ದರಿಂದ ಕಾಗದಕ್ಕೆ ಬರವಿಲ್ಲ. ಬರವಿರುವುದು ಬೇರೆಡೆ. ಪುಸ್ತಕದಲ್ಲಿ ‘ತಂಡವಾಗಿ ದುಡಿಯಿರಿ’ ಎಂದು ಓದಿದ ವಿದ್ಯಾರ್ಥಿ, ವಾರ್ಡಿನಲ್ಲಿ ಪ್ರಶ್ನೆ ಕೇಳಿದ ಶುಶ್ರೂಷಕಿಯನ್ನು ಹಿರಿಯ ವೈದ್ಯರು ಗದರುವುದನ್ನು ಕಂಡರೆ, ಅವನು ಕಲಿಯುವುದು ಎರಡನೆಯ ಪಾಠವನ್ನೇ. ಹಾಳೆಯ ಮೇಲಿಲ್ಲದ ಈ ಪಠ್ಯಕ್ರಮವನ್ನು ತಿದ್ದದೆ ಹಾಳೆಯ ಮೇಲಿನದನ್ನು ಎಷ್ಟು ಹಿಗ್ಗಿಸಿದರೂ ಫಲವಿಲ್ಲ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ನಿಂತು ಏನನ್ನು ಕಲಿಸಬೇಕು?

ಮೊದಲನೆಯದು, ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸುವ ವಿದ್ಯೆ. ಸವಣೂರು, ಶಿಗ್ಗಾವಿಯ ಗಂಭೀರ ರೋಗಿಗಳು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ, ಹಿರೇಕೆರೂರಿನವರು ದಾವಣಗೆರೆ, ಶಿವಮೊಗ್ಗದತ್ತ ಹೋಗುವುದೂ ಉಂಟು. 2008ರಿಂದ 108ರ ವಾಹನ ಬರುತ್ತಿದೆ. ಆದರೆ ವಾಹನದ ಜೊತೆ ಹೋಗುವ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಿದೆ’ ಎಂಬ ಒಂದೇ ಸಾಲಿದ್ದರೆ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿತೆಂಬುದು ದಾರಿಯಲ್ಲೇ ಕಳೆದುಹೋಗುತ್ತದೆ. ಈಗಿನ ಸ್ಥಿತಿ ಏನು, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನಾಗಬೇಕು ಎಂಬ ನಾಲ್ಕು ವಾಕ್ಯಗಳಲ್ಲಿ ರೋಗಿಯನ್ನು ಒಪ್ಪಿಸುವ ಪದ್ಧತಿಯನ್ನು ಜಗತ್ತಿನ ಅನೇಕ ಆಸ್ಪತ್ರೆಗಳು ಅಳವಡಿಸಿಕೊಂಡಿವೆ. ಅದಕ್ಕೆ ಯಂತ್ರ ಬೇಕಿಲ್ಲ, ಅಭ್ಯಾಸ ಬೇಕು.

ಎರಡನೆಯದು, ಜನರ ಮಾತನ್ನು ಕೇಳುವ ವಿದ್ಯೆ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾದವು. ಮೈಸೂರು ಕಡೆಯ ಕನ್ನಡದ ವಿದ್ಯಾರ್ಥಿಯೂ ‘ಹೊಟ್ಟಿ ತೊಳಸಾಕ್ಹತ್ತೈತ್ರಿ’ ಎಂಬ ಮಾತಿನ ಮುಂದೆ ಒಂದು ಕ್ಷಣ ತಡವರಿಸುತ್ತಾನೆ. ಸವಣೂರಿನ ಉರ್ದು ಮನೆಗಳ, ತಾಂಡಾಗಳ ಲಂಬಾಣಿ ತಾಯಂದಿರ ಮಾತು ಇನ್ನೂ ದೂರ. ತಲೆಯಾಡಿಸಿದ್ದನ್ನೇ ಒಪ್ಪಿಗೆಯೆಂದು ಬರೆದುಕೊಳ್ಳುವುದು ಅಲ್ಲಿಂದ ಆರಂಭವಾಗುತ್ತದೆ. ರೋಗಿ ತನಗೆ ಅರ್ಥವಾದುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವಂತೆ ಕೇಳುವುದು, ಮಾತ್ರೆಯನ್ನು ಎಂದು, ಎಷ್ಟು ಎಂದು ಅವರ ಬಾಯಿಂದಲೇ ಹೇಳಿಸುವುದು ಸುರಕ್ಷತೆಯ ಬಹು ಅಗ್ಗದ ಸಾಧನ.

ಮೂರನೆಯದು, ಕೂದಲೆಳೆಯ ಅಂತರದಲ್ಲಿ ತಪ್ಪಿದ ಅನಾಹುತಗಳನ್ನು ಬರೆದಿಡುವ ಅಭ್ಯಾಸ. ತಪ್ಪು ಶೀಶೆ ಕೈಗೆ ಬಂದು, ಕೊನೆಯ ಗಳಿಗೆಯಲ್ಲಿ ಕಂಡು, ಹಿಂದಿಟ್ಟ ಪ್ರಸಂಗಗಳನ್ನು ನಾವು ‘ದೇವರು ದೊಡ್ಡವನು’ ಎಂದು ಮರೆಯುತ್ತೇವೆ. ಯಾರಿಗೂ ಹಾನಿಯಾಗದ ಇಂಥ ಘಟನೆಗಳೇ ಪುಕ್ಕಟೆಯ ಪಾಠಗಳು. ಪ್ರತಿ ವಿದ್ಯಾರ್ಥಿ ತಾಲ್ಲೂಕು ಆಸ್ಪತ್ರೆಯ ತರಬೇತಿಯಲ್ಲಿ ಇಂಥ ಕೆಲವನ್ನು ಹೆಸರಿಲ್ಲದೆ ದಾಖಲಿಸಿ ತರಗತಿಯಲ್ಲಿ ಚರ್ಚಿಸಿದರೆ, ನಾನು ವರದಿಯಲ್ಲಿ ಬರೆಯದೆ ಬಿಟ್ಟ ತಟ್ಟೆಯನ್ನು ಅವರು ಬರೆಯುತ್ತಾರೆ. ಔಷಧಿಗಳ ದುಷ್ಪರಿಣಾಮ ತಿಳಿಸಲು 2010ರಿಂದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮವಿದೆ. ಅದನ್ನು ಬಳಸುವುದನ್ನೂ ಅಲ್ಲೇ ಕಲಿಯಬಹುದು.

ನಾಲ್ಕನೆಯದು, ರೋಗಿಯ ಮನೆಯವರನ್ನು ಕಾವಲುಗಾರರೆಂದು ಕಾಣುವುದು. ಆಡೂರಿನ ಹೆತ್ತವರಿಗೆ ಮೊಬೈಲ್ ಎತ್ತುವ ಪ್ರಮೇಯ ಬಂದದ್ದೇಕೆ? ಅವರ ಪ್ರಶ್ನೆಗೆ ಅಲ್ಲೇ ಕಿವಿಗೊಟ್ಟಿದ್ದರೆ ಗಾಯಕ್ಕೆ ಅಂದೇ ಸರಿಯಾದ ಚಿಕಿತ್ಸೆ ಸಿಗುತ್ತಿತ್ತು. ವೈದ್ಯವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸುವ ಕಾರ್ಯಕ್ರಮ 2021–22ರಿಂದ ಜಾರಿಯಲ್ಲಿದೆ. ‘ಆಸ್ಪತ್ರೆಯಲ್ಲಿ ನಿಮಗೆ ಭಯವಾದದ್ದು ಯಾವಾಗ, ಅದನ್ನು ಹೇಳಲಾಗದೆ ಹೋದದ್ದು ಯಾವಾಗ’ ಎಂಬ ಎರಡು ಪ್ರಶ್ನೆಗಳನ್ನು ಆ ಮನೆಗಳಲ್ಲಿ ಕೇಳಿದರೆ ಯಾವ ಪಠ್ಯಪುಸ್ತಕವೂ ಹೇಳದ್ದು ತಿಳಿದೀತು.

ಇಂಥ ಕ್ರಮಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆ ನ್ಯಾಯವಾದುದೇ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಯಾರು, ಅಂಗ ಯಾವುದು, ಪ್ರತಿಜೀವಕ ಕೊಟ್ಟಿತೇ ಎಂದು ಗಟ್ಟಿಯಾಗಿ ಓದಿ ಖಚಿತಪಡಿಸುವ ಪಟ್ಟಿಯನ್ನು ದೆಹಲಿ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಮರಣದ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ಮೊದಲು ಪ್ರಯೋಗಿಸಿದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲೇ. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 29 ಅಗತ್ಯ ಕ್ರಮಗಳಲ್ಲಿ ಮೊದಲು ಸರಾಸರಿ 10ನ್ನು ಮಾತ್ರ ಪಾಲಿಸುತ್ತಿದ್ದವರು ನಂತರ 25ನ್ನು ಪಾಲಿಸತೊಡಗಿದರು. ಆದರೆ ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ನಡವಳಿಕೆ ಸುಧಾರಿಸಿದರೂ ತಾಯಿ, ಶಿಶುಗಳ ಮರಣ ಇಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಪಟ್ಟಿ ನೆನಪಿಸಬಲ್ಲದೇ ಹೊರತು ರಕ್ತನಿಧಿಯನ್ನು, ಅರಿವಳಿಕೆ ತಜ್ಞರನ್ನು ಸೃಷ್ಟಿಸಲಾರದು.

ಆದ್ದರಿಂದ ಶಿಕ್ಷಣವೇ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. 2025ರ ನವೆಂಬರ್‌ನಲ್ಲಿ ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ಗರ್ಭಿಣಿಯೊಬ್ಬರಿಗೆ ಕಾರಿಡಾರ್‌ನಲ್ಲೇ ಹೆರಿಗೆಯಾಗಿ ಶಿಶು ತೀರಿಕೊಂಡಿತೆಂಬ ಸುದ್ದಿ ಬಂತು. ಹಾಸಿಗೆ ಸಾಲದ ಕಡೆ, ಸಿಬ್ಬಂದಿ ಸಾಲದ ಕಡೆ ಪಾಠ ಹೇಳುವುದು ಸರ್ಕಾರದ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿದಂತಾಗಬಾರದು. ಆದರೆ ಕೊರತೆ ಎಲ್ಲಿ, ಎಷ್ಟು, ಅದರಿಂದ ಆದ ಹಾನಿ ಯಾವುದು ಎಂದು ದಾಖಲಿಸಲು ಕಲಿತವರು ಇದ್ದಾಗ ಮಾತ್ರ ಆ ಕೊರತೆ ಬಜೆಟ್ಟಿನ ಮೇಜಿನವರೆಗೆ ಹೋಗುತ್ತದೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ತರ್ಕದ ಮೇಲೆಯೇ. ಎಣಿಕೆಗೆ ಬಾರದ ಸಾವು ಯೋಜನೆಗೂ ಬರುವುದಿಲ್ಲ.

ಶಿಕ್ಷೆಯ ಭಯ ತೆಗೆದರೆ ಅಪರಾಧಿಗಳಿಗೆ ಆಶ್ರಯ ಕೊಟ್ಟಂತಾಗದೇ ಎಂದು ಕೆಲವರು ಕೇಳಬಹುದು. ಮೂರನ್ನು ಬೇರ್ಪಡಿಸಿ ನೋಡಬೇಕು. ಕತ್ತಲಲ್ಲಿ ಶೀಶೆ ಬದಲಾದುದು ಮರೆವು, ಅದಕ್ಕೆ ವ್ಯವಸ್ಥೆಯ ದುರಸ್ತಿ ಬೇಕು. ಅಂಟು ಹಚ್ಚಿದ್ದು ಅಪಾಯವರಿಯದೆ ರೂಢಿಯಾದ ಅಡ್ಡದಾರಿ, ಅದಕ್ಕೆ ತಿದ್ದುವ ತರಬೇತಿ, ಬಿಗಿ ಮೇಲ್ವಿಚಾರಣೆ ಬೇಕು. ಗೊತ್ತಿದ್ದೂ ಲಾಭಕ್ಕಾಗಿ ರೋಗಿಯ ದೇಹಕ್ಕೆ ಕೈಹಾಕುವುದು ಅಪರಾಧ. ಇದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಯಿತೆಂದು ಸಾವಿರಕ್ಕೂ ಹೆಚ್ಚು ಮಹಿಳೆಯರ ವಿಷಯದಲ್ಲಿ ಎದ್ದ ಆರೋಪದಂಥವಕ್ಕೆ ಉತ್ತರ ಸಿಗಬೇಕಾದದ್ದು ತನಿಖೆಯಲ್ಲಿ ಮತ್ತು ನ್ಯಾಯಾಲಯದಲ್ಲಿ, ತರಗತಿಯಲ್ಲಲ್ಲ. ಸರ್ವೋಚ್ಚ ನ್ಯಾಯಾಲಯವೂ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸಾಮಾನ್ಯ ಪ್ರಮಾದವನ್ನೂ ಘೋರ ನಿರ್ಲಕ್ಷ್ಯವನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಮಾತ್ರ ಕ್ರಿಮಿನಲ್ ಹೊಣೆ ಎಂದಿದೆ. ನಮ್ಮ ಇಲಾಖಾ ವಿಚಾರಣೆಗಳು ಮಾತ್ರ ಮೂರನ್ನೂ ಒಂದೇ ಕಡತದಲ್ಲಿ ಕಟ್ಟುತ್ತವೆ.

ಇನ್ನೊಂದು ಸಂಗತಿಯನ್ನು ಮಧ್ಯಮವರ್ಗದ ಓದುಗರು ಗಮನಿಸಬೇಕು. ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ 1995ರ ತೀರ್ಪು, ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. ಹಣ ಕೊಟ್ಟು ಚಿಕಿತ್ಸೆ ಪಡೆಯುವ ನಮಗೆ ಗ್ರಾಹಕ ವೇದಿಕೆಯ ಬಾಗಿಲಾದರೂ ಇದೆ. ಉಚಿತ ಚೀಟಿ ಹಿಡಿದು ನಿಂತ ಹಾನಗಲ್ಲಿನ ತಾಯಿಗೆ ಆ ಬಾಗಿಲೂ ಇಲ್ಲ. ಹಾನಿಯಾದ ಮೇಲೆ ಪರಿಹಾರ ಪಡೆಯುವ ದಾರಿ ಕಿರಿದಾದಷ್ಟೂ, ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆ ದೊಡ್ಡದಾಗುತ್ತದೆ.

ವ್ಯವಸ್ಥೆಯ ಮಟ್ಟದಲ್ಲಿ ನಮಗೆ ಮಾದರಿ ಹೊರದೇಶದಲ್ಲೇ ಇರಬೇಕಿಲ್ಲ. ಹಾವೇರಿಯ ಮೇಲೆ ಹಾದುಹೋಗುವ ರೈಲು ಅಪಘಾತಕ್ಕೀಡಾದರೆ ಅದರ ಶಾಸನಬದ್ಧ ತನಿಖೆ ನಡೆಸುವ ರೈಲ್ವೆ ಸುರಕ್ಷತಾ ಆಯೋಗ ಇರುವುದು ರೈಲ್ವೆ ಸಚಿವಾಲಯದ ಕೆಳಗಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ರೈಲು ಓಡಿಸುವವರೇ ತಮ್ಮ ತಪ್ಪಿನ ತೀರ್ಪುಗಾರರಾಗಬಾರದೆಂಬ ವಿವೇಕ ಅದರ ಹಿಂದಿದೆ. ಆಸ್ಪತ್ರೆಗಳ ಅವಘಡಗಳಿಗೂ, ಶಿಸ್ತುಕ್ರಮದಿಂದ ಪ್ರತ್ಯೇಕವಾದ, ಕಾರಣವನ್ನಷ್ಟೇ ಹುಡುಕುವ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಯೊಂದು ಬೇಕು. ವೈದ್ಯಕೀಯ ಕಾಲೇಜು ಅದಕ್ಕೆ ಸಹಜ ನೆಲೆ, ವಿದ್ಯಾರ್ಥಿಗಳು ಅದರ ಸಹಜ ವೀಕ್ಷಕರು.

ಆ ಸಮಿತಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಸಂಕ್ರಾಂತಿಯ ಹಿಂದಿನ ವಾರ, ಹಾವೇರಿಯ ಕಾಲೇಜಿನಲ್ಲಿ ವೈದ್ಯ, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಆಡೂರಿನ ಪ್ರಕರಣವನ್ನು ಒಂದು ಗಂಟೆ ಚರ್ಚಿಸಲಿ. ಶುಶ್ರೂಷಕಿಯ ಹೆಸರು ಬೇಡ, ಬಾಲಕನ ಹೆಸರೂ ಬೇಡ. ಆ ಮೇಜಿನ ಮೇಲೆ ಅಂದು ಏನಿತ್ತು, ಏನಿರಲಿಲ್ಲ, ಪಕ್ಕದಲ್ಲಿದ್ದವರು ಏನು ಹೇಳಬಹುದಿತ್ತು, ಅದೇ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದಷ್ಟೇ ಕೇಳಿಕೊಳ್ಳಲಿ. ಇದಕ್ಕೆ ಸರ್ಕಾರದ ಮಂಜೂರಾತಿ ಬೇಕಿಲ್ಲ. ಒಬ್ಬ ಅಧ್ಯಾಪಕರು ಮನಸ್ಸು ಮಾಡಿದರೆ ಸಾಕು.